ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ

ರಾಣೆಬೆನ್ನೂರು

ನಮ್ಮ ಮನೆತನದಲ್ಲಿ ಮೊದಲು ವಿಮಾನ ಹತ್ತಿದವಳು ನನ್ನ ತಂಗಿಯ ಮಗಳು ಶೈಲಾ. ಮೊದಲು ಮೀನು ಮುಟ್ಟಿದವಳೂ ಅವಳೇ. ಮೊದಲನೆಯ ಸುದ್ದಿಯನ್ನು ನಮ್ಮೂರು ಮೇಡ್ಲೇರಿಯ ತುಂಬ ಹಂಚಿದೆವು, ಎರಡನೆಯದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಹುಡುಗಿ ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಗ್ರೀಸ್ ದೇಶದಲ್ಲಿ ಸಮುದ್ರದ ಮೀನು ಸಾಕುವ ಕಂಪನಿಯೊಂದಕ್ಕೆ ಸೇರಿದ್ದಳು. ಯಾರಾದರೂ ವಿಚಾರಿಸಿದರೆ ನನ್ನ ತಂಗಿ ಕಮಲಾ, "ನೀರಿನ ಕೆಲಸದಾಗ ಅದಾಳ್ರಿ" ಎನ್ನುತ್ತಿದ್ದಳು. ಕೇಳಿದವರು ನೀರಾವರಿ ಇಲಾಖೆ ಎಂದುಕೊಂಡು ಗೌರವದಿಂದ ತಲೆ ಆಡಿಸುತ್ತಿದ್ದರು.

ಇನ್ನು ನಾನು. ಗಿರಿಜಾ, ವಯಸ್ಸು ಐವತ್ತೆಂಟು. ಮೂವತ್ತು ವರ್ಷ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ದುಡಿದೆ. ಕಡೆಯ ಹದಿನಾಲ್ಕು ವರ್ಷ ಬೀಜ ಆರಿಸುವ ಕೋಣೆಗೆ ನಾನೇ ಯಜಮಾನಿ. ಬದನೆ, ಬೆಂಡೆ, ಟೊಮ್ಯಾಟೊ, ಮೆಣಸಿನಕಾಯಿ, ಯಾವ ಬೀಜವನ್ನೇ ಅಂಗೈಗೆ ಹಾಕಿ, ಹುಟ್ಟುವುದು ಯಾವುದು, ಹುಸಿ ಯಾವುದು ಎಂದು ನೋಡಿದ ಕೂಡಲೇ ಹೇಳುತ್ತಿದ್ದೆ. ಈ ಚಟ ಬೀಜಕ್ಕೆ ಮಾತ್ರ ನಿಂತಿದ್ದರೆ ಚೆನ್ನಾಗಿತ್ತು. ಬಾಡಿಗೆ ಮನೆ, ವರ, ವೈದ್ಯರು, ಹೊಸದಾಗಿ ಬಂದ ಮ್ಯಾನೇಜರು, ಎಲ್ಲರನ್ನೂ ನಾನು ನೋಡಿದ ಕೂಡಲೇ ಹೇಳುತ್ತಿದ್ದೆ. ಕೇಳುವುದು ಗೊತ್ತಿಲ್ಲದವರ ಕೆಲಸ, ಹೇಳುವುದು ನನ್ನ ಕೆಲಸ ಎಂದು ನಂಬಿದ್ದೆ.

ನಿವೃತ್ತಿಯಾದ ಮೇಲೆ ಹೇಳಿಸಿಕೊಳ್ಳುವವರು ಕಡಿಮೆಯಾದರು. ಮೇಡ್ಲೇರಿಯಲ್ಲಿ ತಂಗಿಯ ಮನೆ ಸೇರಿಕೊಂಡೆ. ಹೊಳೆದಂಡೆಯ ಗದ್ದೆಗೆ ಬೀಜದ ಭತ್ತ ಆರಿಸಿಕೊಡುವುದು ನನ್ನ ಪಾಲಿನ ಹಬ್ಬ. ಕೊಳಗದಲ್ಲಿ ನೀರು, ಅದಕ್ಕೆ ಉಪ್ಪು, ಉಪ್ಪು ಸಾಕಾಯಿತೇ ಎಂದು ನೋಡಲು ಒಂದು ಕೋಳಿಮೊಟ್ಟೆ. ಮೊಟ್ಟೆ ಮೇಲೆದ್ದು ನೆತ್ತಿ ತೋರಿಸಿದರೆ ನೀರು ಹದವಾಯಿತು. ಆಮೇಲೆ ಭತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ತೇಲಿದ್ದನ್ನು ಬಳಿದು ಚೆಲ್ಲು, ಮುಳುಗಿದ್ದನ್ನು ತೊಳೆದು ಬಿತ್ತು. ನಮ್ಮ ಮನೆಗೆ ಮೊಟ್ಟೆ ಬರುವುದು ವರ್ಷದಲ್ಲಿ ಅದೊಂದೇ ದಿನ, ಅದೂ ಹಿತ್ತಿಲ ಬಾಗಿಲಿನಿಂದ.

ಹೀಗಿರುವಾಗ ಶೈಲಾ ಫೋನು ಮಾಡಿ, "ದೊಡ್ಡವ್ವಾ, ಎರಡೂವರಿ ತಿಂಗಳು ನನ್ನ ಕೂಡ ಬಂದಿರ್ತಿಯೇನ? ಇಲ್ಲಿ ಕೆಲಸ ಬಾಳ ಐತಿ, ಒಬ್ಬಾಕಿಗೇ ಬ್ಯಾಸರ ಬಂದೈತಿ" ಎಂದಳು. ಆಕೆಗೆ ರೊಟ್ಟಿ ಬೇಕಾಗಿತ್ತು, ನನಗೆ ಹೇಳಿಸಿಕೊಳ್ಳುವ ಜನ ಬೇಕಾಗಿತ್ತು. ಒಂದು ವಾರದಲ್ಲಿ ಹಾವೇರಿಗೆ ಹೋಗಿ ಪಾಸ್‌ಪೋರ್ಟಿನ ಅರ್ಜಿ ಹಾಕಿ ಬಂದೆ.

ಅಥೆನ್ಸ್

ಹಾವೇರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಕಮಲಾ ನನ್ನ ಚೀಲಕ್ಕೆ ಎರಡು ಪೊಟ್ಟಣ ತುರುಕಿದಳು. ಒಂದರಲ್ಲಿ ಕದರಮಂಡಲಗಿ ಆಂಜನೇಯನ ಸಿಂಧೂರ, ಇನ್ನೊಂದರಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಎರಡೂ ಒಂದೇ ಅಳತೆ, ಒಂದೇ ಬಗೆಯ ಪ್ಲಾಸ್ಟಿಕ್ಕು. ಕೆಂಪಿನಲ್ಲೂ ಅಂಥ ವ್ಯತ್ಯಾಸವಿರಲಿಲ್ಲ.

ಅಥೆನ್ಸಿನ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದ ಅಧಿಕಾರಿ ದಪ್ಪ ಮೀಸೆಯ ಮನುಷ್ಯ. ಎರಡನ್ನೂ ಎತ್ತಿ ಹಿಡಿದು ಹುಬ್ಬು ಏರಿಸಿದ. ನನ್ನ ಇಂಗ್ಲಿಷು ಬೀಜದ ಚೀಲದ ಮೇಲೆ ಅಚ್ಚಾಗುವಷ್ಟು ಮಾತ್ರ. "ಗಾಡ್" ಎಂದು ಒಂದನ್ನು ತೋರಿಸಿದೆ, "ಫುಡ್" ಎಂದು ಇನ್ನೊಂದನ್ನು ತೋರಿಸಿದೆ. ಆತ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. ಮುಟ್ಟಿಸಿಕೊಂಡದ್ದು ದೇವರನ್ನು.

ಮುಖ ಕಿವುಚಿದ. ನಾನು ಗಾಬರಿಯಾಗಿ ಇನ್ನೊಂದು ಪೊಟ್ಟಣ ಮುಂದಿಟ್ಟೆ. ಭಾರತದ ಖಾರದ ಬಗ್ಗೆ ಯಾರೋ ಹೆದರಿಸಿದ್ದರೆಂದು ತೋರುತ್ತದೆ, ಆತ ಒಂದು ಸಲ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರಕ್ಕಲ್ಲ. ಸಾಯಲು ಸಿದ್ಧನಾಗಿದ್ದವನಿಗೆ ಏನೂ ಆಗದೆ ಸ್ವಲ್ಪ ನಿರಾಸೆಯಾಯಿತು. ಎರಡನ್ನೂ ವಾಪಸು ಕೊಟ್ಟು ಕಳಿಸಿದ. ತಿರುಗಿ ನೋಡಿದಾಗ ಕೆಂಪು ಬೆರಳನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಅದು ಅಷ್ಟು ಸುಲಭಕ್ಕೆ ಹೋಗುವ ಬಣ್ಣವಲ್ಲ.

ಕಡಲಂಚಿನ ಊರು

ಶೈಲಾ ಇದ್ದ ಊರು ಗ್ರೀಸಿನ ಪಡುವಣ ಕಡಲಿನ ಒಂದು ಮಡಿಲಲ್ಲಿತ್ತು. ಹಿಂದೆ ಆಲಿವ್ ಗಿಡಗಳ ಗುಡ್ಡ, ಮುಂದೆ ಅಲುಗಾಡದ ನೀಲಿ ನೀರು. ನೀರಿನಲ್ಲಿ ದುಂಡಗಿನ ಬಲೆಪಂಜರಗಳು. ಬುಟ್ಟಿಗಳನ್ನು ಅಂಗಳದಲ್ಲಿ ಬೋರಲು ಹಾಕಿದ ಹಾಗೆ ಕಾಣುತ್ತಿದ್ದವು.

ಊರಿನ ಹೆಂಗಸರಿಗೂ ಮೇಡ್ಲೇರಿಯ ಹೆಂಗಸರಿಗೂ ಉಡುಪು ಬಿಟ್ಟರೆ ಬೇರೆ ವ್ಯತ್ಯಾಸ ನನಗೆ ಸಿಗಲಿಲ್ಲ. ಕರಿ ಬಟ್ಟೆ ತೊಟ್ಟ ಮುದುಕಿಯರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಹೋಗಿ ಬರುವವರನ್ನೆಲ್ಲ ಅಳೆಯುತ್ತಾರೆ. ಬೇಡ ಎನ್ನಲು ಹುಬ್ಬು ಮೇಲೆತ್ತಿ ನಾಲಿಗೆಯಿಂದ "ತ್ಚ್" ಎನ್ನುತ್ತಾರೆ, ನಮ್ಮ ಕಡೆಯಂತೆಯೇ. ಹೀಗಾಗಿ ಬೇಡ ಎನ್ನುವುದಕ್ಕೆ ನನಗೆ ಭಾಷೆ ಕಲಿಯುವ ಪ್ರಸಂಗ ಬರಲಿಲ್ಲ. ಮೊದಲ ವಾರವೆಲ್ಲ ನಾನು ಹೇಳಿದ್ದೂ ಅದೊಂದೇ ಮಾತು.

ಏಕೆಂದರೆ ಎಲ್ಲರೂ ಮೀನು ಕೊಡುತ್ತಿದ್ದರು. ಪಕ್ಕದ ಮನೆಯ ಮುದುಕಿ ಸುಟ್ಟ ಮೀನನ್ನು ತಟ್ಟೆಯಲ್ಲಿ ಇಟ್ಟು, ಅದರ ಕಣ್ಣು ನನ್ನ ಕಡೆ ಬರುವಂತೆ ತಿರುಗಿಸಿ ಮುಂದೆ ಮಾಡಿದಳು. ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯಿಲ್ಲ ಎಂದು ಶೈಲಾ ವಿವರಿಸಿದಾಗ ಮುದುಕಿಗೆ ಫಕ್ಕನೆ ಅರ್ಥವಾಯಿತು. ಅವರಿಗೂ ವರ್ಷದಲ್ಲಿ ಅಂಥ ಉಪವಾಸದ ದಿನಗಳಿವೆಯಂತೆ. "ಯಾವಾಗ ಮುಗಿತೈತಿ ಅಂತ ಕೇಳಾಕತ್ತಾಳ" ಎಂದಳು ಶೈಲಾ.

"ಹುಟ್ಟಿದಾಗಿಂದ ಐತಿ, ಸತ್ತಾಗ ಮುಗಿತೈತಿ ಅಂತ ಹೇಳು" ಎಂದೆ.

ಅಂದಿನಿಂದ ಊರಿನಲ್ಲಿ ನನಗೆ ಸನ್ಯಾಸಿನಿಯ ಮರ್ಯಾದೆ ಸಿಕ್ಕಿತು. ನಿಂಬೆಹಣ್ಣು, ಸೊಪ್ಪು, ಬದನೆಕಾಯಿ ದಿನವೂ ಬಾಗಿಲಿಗೆ ಬರುತ್ತಿದ್ದವು. ಸಂಜೆ ನಾನು ಬದನೆಕಾಯಿ ಎಣಗಾಯಿ ಮಾಡಿ, ಸಿಕ್ಕಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಆ ಹಿಟ್ಟು ಜೋಳದ್ದಲ್ಲ, ರೊಟ್ಟಿಯೂ ರೊಟ್ಟಿಯಾಗಲಿಲ್ಲ. ಶೈಲಾ ಮಾತ್ರ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು.

ಏಳನೇ ತೊಟ್ಟಿ

ಹ್ಯಾಚರಿ ಎಂದರೆ ಮರಿ ಮಾಡುವ ಮನೆ. ಒಳಗೆ ಹೋಗಲು ಚಪ್ಪಲಿ ಬಿಡಬೇಕು, ಕಾಲು ಔಷಧದ ನೀರಿನಲ್ಲಿ ಅದ್ದಬೇಕು, ಬಿಳಿ ಬೂಟು ಹಾಕಬೇಕು, ಕೈ ತೊಳೆಯಬೇಕು, ತಲೆಗೆ ಟೊಪ್ಪಿಗೆ ಬಿಗಿಯಬೇಕು. ನಮ್ಮ ಅಜ್ಜಿ ಮಡಿಯಲ್ಲಿದ್ದಾಗ ಇಷ್ಟು ಮಾಡಿಸುತ್ತಿದ್ದಳು. ಆದರೆ ಅಲ್ಲಿ ಒಳಗೆ ದೇವರಿರುತ್ತಿದ್ದ, ಇಲ್ಲಿ ಒಳಗೆ ಮೀನು.

ದೊಡ್ಡ ದುಂಡು ತೊಟ್ಟಿಗಳು ಸಾಲಾಗಿದ್ದವು. ನಾನು ಹೋದ ವಾರವೇ ಏಳನೇ ತೊಟ್ಟಿಯಲ್ಲಿ ಮೊಟ್ಟೆ ಒಡೆದಿತ್ತು. ಮರಿಗಳೆಂದರೆ ಎರಡು ಚುಕ್ಕೆ ಕಣ್ಣು, ಒಂದು ಎಳೆ ಬಾಲ, ಅಷ್ಟೇ. ಶೈಲಾ ತೊಟ್ಟಿಯ ಅಂಚಿಗೆ ಬಾಗಿ ನೀರಿನ ಮೇಲೆ ದೊಡ್ಡ ಕಾಗದದ ಹಾಳೆ ಹಾಸಿ, ಮೆಲ್ಲಗೆ ಎಳೆದು ತೆಗೆದು, ಇನ್ನೊಂದು ಹಾಸುತ್ತಿದ್ದಳು. ಗಂಟೆಗೊಮ್ಮೆ ಇದೇ ಕೆಲಸ. ಬೆನ್ನು ಹಿಡಿದುಕೊಂಡು ಏಳುವುದು, ಮತ್ತೆ ಬಾಗುವುದು.

"ಏನ ಇದು, ನೀರಿಗೆ ಇಸ್ತ್ರಿ ಮಾಡಾಕತ್ತಿಯೇನ?" ಎಂದು ಕೇಳಿದೆ.

"ಎಣ್ಣಿ ತೆಗಿಯಾಕತ್ತೇನಿ, ದೊಡ್ಡವ್ವಾ. ಮರಿಗೆ ಹಾಕೋ ಮೇವಿನಾಗ ಎಣ್ಣಿ ಇರ್ತೈತಿ, ಅದು ಮ್ಯಾಲೆ ತೆಳ್ಳಗ ಪದರ ಕಟ್ತೈತಿ. ಈಗ ಇವು ಮ್ಯಾಲೆ ಬಂದು ಒಂದ ಗುಟುಕು ಗಾಳಿ ಕುಡೀಬೇಕು. ಹೊಟ್ಟ್ಯಾಗ ಒಂದು ಗಾಳಿಚೀಲ ಇರ್ತೈತಿ, ಅದು ತುಂಬಬೇಕು. ಎಣ್ಣಿ ಅಡ್ಡ ಬಂದರ ಬಾಯಿ ಹೊರಗ ಹಾಕಾಕ ಆಗಂಗಿಲ್ಲ. ಈ ಕೆಲವು ದಿನ ತಪ್ಪಿತಂದ್ರ ಆ ಚೀಲ ಜನ್ಮಕ್ಕ ತುಂಬಂಗಿಲ್ಲ."

"ತುಂಬಲಿಲ್ಲಂದ್ರ ಏನಾತು?"

"ತೇಲಾಕ ಬರಂಗಿಲ್ಲ. ಮುಳುಗಬಾರದಂತ ತಲಿ ಮ್ಯಾಲೆ ಮಾಡಿ ಬಾಲ ಬಡಕೋತ ಈಜತಾವು. ಹಂಗ ಈಜಿ ಈಜಿ ಬೆನ್ನೆಲುಬು ಬಾಗತೈತಿ. ದೊಡ್ಡವಾದ ಮ್ಯಾಲೆ ಡೊಂಕು ಮೀನ ಯಾರೂ ಕೊಳ್ಳಂಗಿಲ್ಲ."

ಎಣ್ಣೆ ತೆಗೆಯಲು ಪ್ರತಿ ತೊಟ್ಟಿಗೂ ಯಂತ್ರವಿತ್ತು. ಆದರೂ ಹಿಂದಿನ ತಂಡಗಳಲ್ಲಿ ಡೊಂಕು ಮೀನು ವಿಪರೀತ ಬಂದಿದ್ದವು. ಯಂತ್ರಕ್ಕೆ ಅಂಚಿನ ಎಣ್ಣೆ ಸಿಗುತ್ತಿಲ್ಲ, ಆ ಕೆಲವು ದಿನ ಮಾತ್ರ ಕೈಯಿಂದ ತೆಗೆಯಬೇಕು ಎಂದು ವಾದಿಸಿದವಳು ಶೈಲಾ. ಹ್ಯಾಚರಿಯ ಯಜಮಾನಿ ಕತೆರೀನಾ, ನನ್ನದೇ ವಯಸ್ಸಿನ, ಸದಾ ಬಾಯಲ್ಲಿ ಹೊತ್ತಿಸದ ಸಿಗರೇಟು ಕಚ್ಚಿಕೊಂಡಿರುವ ಹೆಂಗಸು. ಒಂದು ತೊಟ್ಟಿ ಕೊಡುತ್ತೇನೆ, ಮಾಡಿ ತೋರಿಸು ಎಂದಿದ್ದಳು. ಶೈಲಾಳ ನೌಕರಿ ಆಗ ತಾತ್ಕಾಲಿಕ. ಮರಿಗಳು ಬೆರಳಿನ ಒಂದು ಗೆಣ್ಣಿನಷ್ಟಾದಾಗ ಪರೀಕ್ಷೆ. ಏಳನೇ ತೊಟ್ಟಿ ಚೆನ್ನಾಗಿ ಬಂದರೆ ಆಕೆಯ ಕೆಲಸ ಕಾಯಂ, ವೀಸಾವೂ ಮುಂದುವರಿಯುತ್ತದೆ. ಇಲ್ಲದಿದ್ದರೆ ನನ್ನ ಜೊತೆಗೇ ಗಂಟುಮೂಟೆ ಕಟ್ಟಬೇಕು.

ಇದೆಲ್ಲ ಕೇಳಿದ ಮೇಲೆ ಎಂದಿನಂತೆ ನಾನು ಸಲಹೆ ಕೊಡಲು ಶುರುಮಾಡಿದೆ. ಹಾಳೆಯನ್ನು ಹೀಗೆ ಹಿಡಿ, ಹಾಗೆ ಎಳೆ ಎಂದೆ. ಶೈಲಾ ಮೂರು ದಿನ ಸಹಿಸಿಕೊಂಡಳು, ನಾಲ್ಕನೆಯ ದಿನ ನನ್ನನ್ನು ಊರೊಳಗಿನ ಕಾಫಿ ಅಂಗಡಿಯಲ್ಲಿ ಕೂರಿಸಿ ಬಂದಳು. ಅಲ್ಲಿ ಒಂದು ಬಟ್ಟಲು ಕಾಫಿಯನ್ನು ಗಂಡಸರು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಡಿಯುತ್ತಾರೆ. ನಮ್ಮಲ್ಲಿಯಾದರೆ ಅಂಗಡಿಯವನು ಎರಡು ಸಲ ಮೇಜು ಒರೆಸಿ ಎಬ್ಬಿಸುತ್ತಿದ್ದ.

ನಾಮಕರಣದ ದಿನ

ಪರೀಕ್ಷೆಯ ದಿನ ಬಂತು. ಅದೇ ದಿನ ಊರಿನ ಚರ್ಚಿನಲ್ಲಿ ಕೆಲಸಗಾರನೊಬ್ಬನ ಮಗುವಿನ ನಾಮಕರಣ. ಹ್ಯಾಚರಿಯ ಮುಕ್ಕಾಲು ಪಾಲು ಜನ ಅತ್ತ ಹೋದರು. ಕತೆರೀನಾ ಕೂಡ ಅಲ್ಲಿಗೆ ಹೋಗಿ, ಮಧ್ಯಾಹ್ನ ಬಂದು ಏಳನೇ ತೊಟ್ಟಿ ನೋಡುವುದೆಂದು ಗೊತ್ತಾಗಿತ್ತು. ಶೈಲಾ ಒಬ್ಬಳೇ ಉಳಿದಳು. ಬೇರೆ ದಾರಿಯಿಲ್ಲದೆ ನನ್ನ ಕಡೆ ನೋಡಿದಳು. ನಾನು ಅದಕ್ಕೇ ಕಾಯುತ್ತಿದ್ದೆ.

ಒಂದು ಅಗಲವಾದ ತಟ್ಟೆತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿ, ಅದಕ್ಕೆ ಇನ್ನಷ್ಟು ಉಪ್ಪು ಸುರಿದಳು. ಉಪ್ಪು ನೋಡಿದ್ದೇ ನನ್ನ ಕಿವಿ ನೆಟ್ಟಗಾಯಿತು. ಇದು ನನ್ನ ವಿದ್ಯೆ! ಮರಿಗಳಿಗೆ ಔಷಧ ಕೊಟ್ಟು ಮಂಪರು ಬರಿಸಿ, ಸೌಟುಸೌಟಾಗಿ ಆ ನೀರಿಗೆ ಬಿಡಬೇಕು. ಕೆಲವು ತೇಲುತ್ತವೆ, ಕೆಲವು ಮುಳುಗುತ್ತವೆ.

"ತೇಲಿದ್ದನ್ನ ಬಿಳಿ ಬಕೆಟ್ಟಿಗೆ ಹಾಕು. ಮುಳುಗಿದ್ದನ್ನ ಕೆಂಪು ಬಕೆಟ್ಟಿಗೆ ಹಾಕು" ಎಂದಳು ಶೈಲಾ. ಬಿಳಿ ಬಕೆಟ್ಟಿನಲ್ಲಿ ಹೊಸ ನೀರು, ಗಾಳಿಯ ಕೊಳವೆ ಗುಳುಗುಳು ಎನ್ನುತ್ತಿತ್ತು. ಕೆಂಪು ಬಕೆಟ್ಟಿನಲ್ಲಿ ಮಂಜುಗಡ್ಡೆ ಮತ್ತು ಮಂಪರಿನ ಔಷಧ, ಅದೂ ಹತ್ತು ಪಟ್ಟು. ಅದಕ್ಕೆ ಬಿದ್ದದ್ದು ಏಳುವುದಿಲ್ಲ. ಅಷ್ಟು ಹೇಳುವುದರಲ್ಲಿ ಆಚೆ ಪಂಪು ಕೆಟ್ಟಿದೆಯೆಂಬ ಗಂಟೆ ಹೊಡೆಯಿತು, ಶೈಲಾ ಓಡಿದಳು.

ಆಕೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಪಾಪ, ಗಾಬರಿಯಲ್ಲಿ ಹುಡುಗಿ ಉಲ್ಟಾ ಹೇಳಿದ್ದಾಳೆ ಎಂದುಕೊಂಡೆ. ತೇಲಿದ್ದನ್ನು ಬದುಕಿಸಿ ಮುಳುಗಿದ್ದನ್ನು ಕೊಲ್ಲುವುದುಂಟೇ? ನಾಲ್ಕು ವರ್ಷ ಮಂಗಳೂರಿನಲ್ಲಿ ಓದಿದ್ದರೂ ಮೇಡ್ಲೇರಿಯ ಮಗುವಿಗೂ ಗೊತ್ತಿರುವುದನ್ನು ಮರೆತಳಲ್ಲ! ಹಿರಿಯರು ಹತ್ತಿರ ಇರಬೇಕಾದದ್ದು ಇಂಥ ಹೊತ್ತಿಗೇ ಎಂದು ಸೆರಗು ಬಿಗಿದು ನಿಂತೆ.

ಮೊದಲ ಸೌಟು ಬಿಟ್ಟೆ. ಬಹುತೇಕ ಎಲ್ಲವೂ ತೇಲಿದವು. ಇಷ್ಟೊಂದು ಜೊಳ್ಳು! ಎರಡನೆಯ ಸೌಟೂ ಹಾಗೇ. ಬೀಜದ ಕೋಣೆಯ ಚಾಳಿ, ಆಗಾಗ ನೂರನ್ನು ಎಣಿಸಿ, ಅದರಲ್ಲಿ ತೇಲಿದ್ದೆಷ್ಟು ಎಂದು ಗೀಟು ಎಳೆಯುವುದು. ಗೋಡೆಗೆ ತೂಗು ಹಾಕಿದ್ದ ಹಲಗೆಯ ಮೇಲೆ ಗೀಟು ಹಾಕುತ್ತ ಹೋದೆ. ತೇಲಿದ್ದು ನೂರಕ್ಕೆ ತೊಂಬತ್ತೇಳು, ತೊಂಬತ್ತಾರು, ತೊಂಬತ್ತೇಳು. ಎಲ್ಲವನ್ನೂ ಜಾಲರಿಯಿಂದ ಬಳಿದು ಕೆಂಪು ಬಕೆಟ್ಟಿಗೆ ಹಾಕಿದೆ. ಮುಳುಗಿದ ನಾಲ್ಕಾರು ಮರಿಗಳನ್ನು ಅಂಗೈಯಲ್ಲಿ ತುಂಬ ಜೋಪಾನವಾಗಿ ಎತ್ತಿ ಬಿಳಿ ಬಕೆಟ್ಟಿಗೆ ಬಿಟ್ಟೆ. ಮೊದಲ ಸಲ ಮೀನು ಮುಟ್ಟುತ್ತಿದ್ದೇನೆ ಎಂಬುದೂ ನೆನಪಾಗಲಿಲ್ಲ. ಹುಡುಗಿಯ ಬೆಳೆ ಹೀಗೆ ಹಾಳಾಯಿತಲ್ಲ ಎಂಬ ಸಂಕಟವೇ ದೊಡ್ಡದಾಗಿತ್ತು. ಹೇಗೆ ಸಮಾಧಾನ ಮಾಡಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಶೈಲಾ ಬರುವ ಹೊತ್ತಿಗೆ ತಂದಿಟ್ಟಿದ್ದಷ್ಟೂ ಮುಗಿದಿತ್ತು. ಅದು ಏಳನೇ ತೊಟ್ಟಿಯ ಅರ್ಧ ಪಾಲು.

"ಶೈಲಾ, ಎದಿ ಗಟ್ಟಿ ಮಾಡ್ಕೋ" ಎಂದೆ. "ಬೆಳಿ ಅಂದ ಮ್ಯಾಲೆ ಒಂದು ಸಲ ಹೋಗತೈತಿ, ಒಂದು ಸಲ ಬರತೈತಿ. ಎಲ್ಲಾ ಜೊಳ್ಳು ಬಂದಾವು. ಗಟ್ಟಿ ಬಂದಿದ್ದು ಒಂದು ಬೊಗಸಿ ಅಷ್ಟ. ನೀ ಗಡಿಬಿಡ್ಯಾಗ ಬಕೆಟ್ಟು ಉಲ್ಟಾ ಹೇಳಿದ್ದಿ, ಅದನ್ನೂ ನಾನ ಸರಿ ಮಾಡೇನಿ."

ಆಕೆ ಬಿಳಿ ಬಕೆಟ್ಟು ನೋಡಿದಳು, ಕೆಂಪು ಬಕೆಟ್ಟು ನೋಡಿದಳು. ಕೆಂಪಿನಲ್ಲಿ ಕೈ ಹಾಕಿ ಮಂಜಿನ ಚೂರುಗಳ ನಡುವಿನಿಂದ ಒಂದು ಹಿಡಿ ಮರಿ ಎತ್ತಿ, ಮತ್ತೆ ಬಿಟ್ಟಳು. ಆಮೇಲೆ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟಳು.

"ದೊಡ್ಡವ್ವಾ, ಇವು ಭತ್ತ ಅಲ್ಲ" ಎಂದಳು. "ಗಾಳಿಚೀಲ ತುಂಬಿದ್ದು ತೇಲತಾವು. ತೇಲಿದ್ದ ಗಟ್ಟಿ."

ಚೀಲ ತುಂಬದಿದ್ದರೆ ತೇಲಲು ಬರುವುದಿಲ್ಲ ಎಂದು ಮೊದಲ ದಿನವೇ ಆಕೆ ನನಗೆ ಬಿಡಿಸಿ ಹೇಳಿದ್ದಳು. ನಾನು ಆಗ ಹಾಳೆ ಹಿಡಿಯುವ ಸರಿಯಾದ ಕ್ರಮ ಯೋಚಿಸುತ್ತಿದ್ದೆ. ಒಂದೂವರೆ ತಿಂಗಳಿನಿಂದ ಆಕೆ ಬೆನ್ನು ಬಾಗಿಸಿ ಕಾದ ಜೀವಗಳನ್ನು ನಾನು ಅರ್ಧ ಗಂಟೆಯಲ್ಲಿ ಬಳಿದು ಕೊಂದಿದ್ದೆ. ಶೈಲಾ ಅಳುತ್ತಿದ್ದಳು, ದನಿ ತೆಗೆಯದೆ. ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡಾಗಲೂ ಆಕೆ ಅಳುತ್ತಿದ್ದುದು ಹೀಗೆಯೇ. ಆಗ ಎತ್ತಿಕೊಳ್ಳುತ್ತಿದ್ದೆ, ಈಗ ಹತ್ತಿರ ಹೋಗಲೂ ನಾಚಿಕೆಯಾಯಿತು.

ಯಜಮಾನಿಯ ಕೋಣೆ

ಕತೆರೀನಾ ನಾಮಕರಣದಲ್ಲಿ ಹಂಚಿದ ಸಕ್ಕರೆ ಬಾದಾಮಿಯ ಪೊಟ್ಟಣ ಹಿಡಿದುಕೊಂಡು ಬಂದಳು. ಎರಡು ಬಕೆಟ್ಟುಗಳನ್ನು ನೋಡುತ್ತಲೇ ಸಿಗರೇಟು ಬಾಯಿಂದ ತೆಗೆದಳು. ಶೈಲಾ ಎದ್ದು ನಿಂತು ಅವರ ಭಾಷೆಯಲ್ಲಿ ಏನೋ ಹೇಳಿದಳು. ನನಗೆ ಗ್ರೀಕ್ ಬರುವುದಿಲ್ಲ. ಆದರೆ ಮಾತಿನ ನಡುವೆ ಬೆರಳನ್ನು ತನ್ನ ಎದೆಗೆ ಮುಟ್ಟಿಸಿಕೊಂಡದ್ದು ಕಾಣಿಸಿತು. ಹದಿನಾಲ್ಕು ವರ್ಷ ಹೆಂಗಸರ ಕೋಣೆ ನಡೆಸಿದವಳು ನಾನು, ಇನ್ನೊಬ್ಬರ ತಪ್ಪನ್ನು ಮೈಮೇಲೆ ಎಳೆದುಕೊಳ್ಳುವ ಬೆರಳು ನನಗೆ ಗೊತ್ತು.

"ಏನಂದಿ ಆಕಿಗೆ?" ಎಂದೆ.

"ನೀ ಸುಮ್ಮನಿರು, ದೊಡ್ಡವ್ವಾ. ಬಕೆಟ್ಟು ನಾನ ಅದಲಬದಲ ಮಾಡೇನಿ ಅಂದೆ. ಹೊರಗಿನವರನ್ನ ಒಳಗ ಕರಕೊಂಡು ಕೆಲಸ ಮಾಡಿಸಿದೆ ಅಂದ್ರ ಇನ್ನೂ ಕೆಟ್ಟ ಆಗತೈತಿ."

ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಕತೆರೀನಾಳ ಮುಂಗೈ ಹಿಡಿದು ಅವಳದೇ ಕೋಣೆಗೆ ಎಳೆದುಕೊಂಡು ಹೋದೆ. ಆಕೆ ಬೆಚ್ಚಿದಳು, ಆದರೂ ಬಂದಳು. ಪಕ್ಕದ ಅಡುಗೆ ಕಟ್ಟೆಯಿಂದ ಗಾಜಿನ ಪಾತ್ರೆ, ಉಪ್ಪು, ಅಕ್ಕಿ ತಂದೆ. ಫ್ರಿಜ್ಜಿನಿಂದ ಒಂದು ಮೊಟ್ಟೆ ತೆಗೆದೆ, ಆಂಜನೇಯ ಕ್ಷಮಿಸಲಿ. ನೀರಿಗೆ ಉಪ್ಪು ಕದಡಿ ಮೊಟ್ಟೆ ಬಿಟ್ಟೆ. ಮುಳುಗಿತು. ಇನ್ನಷ್ಟು ಉಪ್ಪು. ಮೊಟ್ಟೆ ಮೇಲೆದ್ದು ನೆತ್ತಿ ತೋರಿಸಿತು.

ಕತೆರೀನಾ ಮೊಟ್ಟೆಯನ್ನೂ ನನ್ನನ್ನೂ ನೋಡಿದಳು. ಅವಳ ಮುಖ ಬದಲಾಯಿತು. ಶೈಲಾಳಿಗೆ ಏನೋ ಹೇಳಿದಳು.

"ಆಕಿಯ ತಾಯಿ ಆಲಿವ್ ಕಾಯಿ ಉಪ್ಪಿನಾಗ ಹಾಕೋ ಮುಂದ ಹಿಂಗ ಮೊಟ್ಟಿ ಬಿಟ್ಟು ನೋಡತಿದ್ದಳಂತ" ಎಂದಳು ಬಾಗಿಲಲ್ಲಿ ನಿಂತಿದ್ದ ಶೈಲಾ. ಮೂಗು ಒರೆಸಿಕೊಳ್ಳುತ್ತಿದ್ದಳು.

ನಾನು ಪಾತ್ರೆಗೆ ಒಂದು ಹಿಡಿ ಅಕ್ಕಿ ಸುರಿದೆ. ಎಲ್ಲವೂ ಮುಳುಗಿದವು. ಜೊಳ್ಳಿಗೆ ಏನು ಮಾಡಲಿ? ಅವಳ ಕೈಯಲ್ಲಿದ್ದ ಬಾದಾಮಿಯ ಪೊಟ್ಟಣದ ಕಾಗದ ಚೂರು ಚೂರು ಮಾಡಿ ಉದುರಿಸಿದೆ. ತೇಲಿದವು. ಮುಳುಗಿದ ಅಕ್ಕಿ ತೋರಿಸಿ ಎದೆಗೆ ಅವುಚಿಕೊಂಡೆ, ತೇಲಿದ ಚೂರು ತೋರಿಸಿ "ತ್ಚ್" ಎಂದು ಎಸೆದೆ. ಆಮೇಲೆ ಕೆಂಪು ಬಕೆಟ್ಟಿನ ಕಡೆ ಕೈ ಮಾಡಿ, ಅದೇ ಕೈಯಿಂದ ನನ್ನ ಎದೆ ಬಡಿದುಕೊಂಡೆ. ಬಿಟ್ಟೂಬಿಡದೆ ಮೂರು ಸಲ ಬಡಿದುಕೊಂಡೆ, ಶೈಲಾಳ ಬೆರಳಿಗಿಂತ ಜೋರಾಗಿ.

ಕತೆರೀನಾ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು. ಹ್ಯಾಚರಿಗೆ ವಾಪಸು ಹೋಗಿ ಹಲಗೆಯ ಮೇಲಿನ ನನ್ನ ಗೀಟುಗಳ ಮುಂದೆ ನಿಂತಳು. ಏನಿದು ಎಂದು ಕೇಳಿದಳು. ಶೈಲಾ ನನ್ನನ್ನು ಕೇಳಿ ಹೇಳಿದಳು. ನೂರಕ್ಕೆ ತೊಂಬತ್ತೇಳು ತೇಲಿವೆ ಎಂಬ ಮಾತು ಹೇಳುವಾಗ ಆಕೆಯ ದನಿ ಅರ್ಧದಲ್ಲಿ ನಿಂತಿತು. ಅಲ್ಲಿಯವರೆಗೆ ಅಳುವಿನಲ್ಲಿ ಆ ಲೆಕ್ಕ ಆಕೆಯ ತಲೆಗೇ ಹೋಗಿರಲಿಲ್ಲ.

ಕತೆರೀನಾಳಿಗೆ ನಂಬಿಕೆ ಬರಲಿಲ್ಲ. ಬಕೆಟ್ಟು ಅದಲುಬದಲು ಮಾಡಿದ ಮುದುಕಿಯ ಗೀಟನ್ನು ನಾನಾದರೂ ನಂಬುತ್ತಿರಲಿಲ್ಲ. ಕೆಂಪು ಬಕೆಟ್ಟಿನಿಂದ ಒಂದು ಜಾಲರಿ ತುಂಬ ಸತ್ತ ಮರಿಗಳನ್ನು ಎತ್ತಿ ತಾನೇ ಉಪ್ಪುನೀರಿಗೆ ಸುರಿದಳು. ಅವು ಮುಳುಗಲಿಲ್ಲ. ಬೆಳ್ಳಗೆ, ನೆಟ್ಟಗೆ, ಒಂದರ ಪಕ್ಕ ಒಂದು ಎಲ್ಲವೂ ಮೇಲೆದ್ದು ತೇಲಿದವು. ಹೊಟ್ಟೆಯಲ್ಲಿ ಆ ಮೊದಲ ಗುಟುಕು ಗಾಳಿ ಇನ್ನೂ ಇತ್ತು.

ಆಮೇಲೆ ತೊಟ್ಟಿಯ ಉಳಿದ ಅರ್ಧವನ್ನು ಅವರಿಬ್ಬರೇ ಕೂಡಿ ಆರಿಸಿದರು. ಅಲ್ಲೂ ಅದೇ ಲೆಕ್ಕ ಬಂತು. ನಾನು ದೂರದ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕುಳಿತಿದ್ದೆ. ಕೊನೆಗೆ ಕತೆರೀನಾ ಶೈಲಾಳ ಭುಜ ತಟ್ಟಿ ನಾಲ್ಕು ಮಾತು ಹೇಳಿದಳು, ನನ್ನ ಕಡೆ ಬೆರಳು ತೋರಿಸಿ ಎರಡು ಮಾತು ಹೇಳಿದಳು.

"ಮುಂದಿನ ಸಲ ಎಲ್ಲಾ ತೊಟ್ಟಿಗೂ ಕೈಯಿಂದ ಎಣ್ಣಿ ತೆಗಿಸ್ತಾಳಂತ, ನನ್ನ ಕೆಲಸ ಕಾಯಂ ಅಂತ" ಎಂದಳು ಶೈಲಾ.

"ನನಗ ಏನಂದಳು?"

"ನೀ ಬಿಳಿ ಬೂಟು ಬಿಚ್ಚಿ ಕೊಡಬೇಕಂತ. ಇನ್ನ ಮ್ಯಾಲೆ ಒಳಗ ಕಾಲಿಡಬಾರದಂತ."

ಬೂಟು ಬಿಚ್ಚಿ ಕೊಟ್ಟೆ. ಕತೆರೀನಾ ಅದನ್ನು ತೆಗೆದುಕೊಂಡು, ಉಳಿದ ಬಾದಾಮಿ ನನ್ನ ಕೈಗೆ ಹಾಕಿದಳು.

ನಾನು ಅಷ್ಟು ಜೋಪಾನವಾಗಿ ಬದುಕಿಸಿದ ಬೊಗಸೆ ಮರಿಗಳನ್ನು ಅವರು ಕೊಲ್ಲಲಿಲ್ಲ. ಹೊಸ ಕೆಲಸಗಾರರಿಗೆ ತೋರಿಸಲೆಂದು ಕತೆರೀನಾಳ ಕೋಣೆಯ ಕಿಟಕಿಯಲ್ಲಿ ಗಾಜಿನ ತೊಟ್ಟಿಯೊಂದರಲ್ಲಿ ಬಿಟ್ಟರು. ಹೊರಡುವ ದಿನ ಹೊರಗಿನಿಂದಲೇ ಕಿಟಕಿಗೆ ಮುಖ ಒತ್ತಿ ನೋಡಿದೆ. ಬೆನ್ನು ಬಾಗಲು ಶುರುವಾಗಿತ್ತು. ಎಲ್ಲವೂ ಮೂತಿ ಮೇಲೆ ಮಾಡಿ ಬಾಲ ಬಡಿಯುತ್ತಿದ್ದವು, ಒಂದು ಗಳಿಗೆ ಸುಮ್ಮನಿದ್ದರೆ ಕೆಳಗಿಳಿಯುತ್ತಿದ್ದವು, ಮತ್ತೆ ಬಡಿಯುತ್ತಿದ್ದವು. ನನಗೆ ಅವುಗಳ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಶೈಲಾ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ನಡಿ ದೊಡ್ಡವ್ವಾ, ಬಸ್ಸು ಬಂತು" ಎಂದಳು.

ಮೇಡ್ಲೇರಿ

ಊರಿಗೆ ಬಂದಾಗ ಬೀಜ ಆರಿಸುವ ದಿನ ಹತ್ತಿರ ಬಂದಿತ್ತು. ಪ್ರವಾಸ ಹೇಗಿತ್ತು ಎಂದು ಕೇಳಿದವರಿಗೆ ಸಮುದ್ರ, ಆಲಿವ್, ಉಪವಾಸ, ಮೀಸೆಯವನ ಕೆಂಪು ಬೆರಳು ಎಲ್ಲ ಹೇಳಿದೆ. ಬಕೆಟ್ಟಿನ ಕಥೆಯನ್ನು ಹೇಳಲಿಲ್ಲ. ಶೈಲಾ ಕೂಡ ಅವ್ವನಿಗೆ ಹೇಳಿಲ್ಲವೆಂದು ಗೊತ್ತಾಯಿತು. ಕಮಲಾಳಿಗೆ ಗೊತ್ತಿದ್ದದ್ದು ಮಗಳ ಕೆಲಸ ಕಾಯಂ ಆಯಿತು ಎಂಬುದಷ್ಟೇ. ಅದಕ್ಕೆ ನನ್ನ ಆಶೀರ್ವಾದವೇ ಕಾರಣ ಎಂದು ಓಣಿಗೆಲ್ಲ ಹೇಳಿ ಬಂದಿದ್ದಳು.

ಆ ದಿನ ಬೆಳಿಗ್ಗೆ ಅಂಗಳಕ್ಕೆ ಕೊಳಗ ತಂದಿಟ್ಟಳು. ಹಿತ್ತಿಲ ಬಾಗಿಲಿನಿಂದ ಮೊಟ್ಟೆ ಬಂತು. ಉಪ್ಪು ಕದಡಿದೆ, ಮೊಟ್ಟೆ ನೆತ್ತಿ ತೋರಿಸಿತು, ಭತ್ತ ಸುರಿದೆ. ಗಟ್ಟಿ ಕಾಳು ಸರ್ರನೆ ತಳಕ್ಕಿಳಿಯಿತು. ಜೊಳ್ಳು ಮೇಲೆದ್ದು ಒಂದರ ಪಕ್ಕ ಒಂದು ಬೆಳ್ಳಗೆ ತೇಲಿತು. ಜರಡಿ ಹಿಡಿದ ನನ್ನ ಕೈ ನೀರಿನ ಮೇಲೆ ನಿಂತುಬಿಟ್ಟಿತು.

"ಯಾಕ ನಿಂತಿ ಅಕ್ಕಾ? ಬಳದು ಚೆಲ್ಲು, ಬಿಸಲೇರಾಕತ್ತೈತಿ."

"ಕಮಲೀ" ಎಂದೆ. "ಈ ತೇಲಿದ್ದನ್ನ ಚೆಲ್ಲಲೇನ?"

ಕಮಲಾ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ನಾ ಹುಟ್ಟಿದಾಗಿಂದ ನೋಡಾಕತ್ತೇನಿ, ನೀ ಯಾರನ್ನೂ ಏನೂ ಕೇಳಿದಾಕಿ ಅಲ್ಲ" ಎಂದಳು. "ಆರಾಮ ಅದಿಯಿಲ್ಲೋ?"